ಕರೆಯದೆ ಬಂದ ಮಾತು

ಊರಿನ ಅರಳಿಕಟ್ಟೆಯು ಯಾರೊಬ್ಬರ ಸ್ವತ್ತೂ ಅಲ್ಲ. ಆದುದರಿಂದಲೇ ಅದು ಎಲ್ಲರದೂ ಆಗಿದೆ. ಅಲ್ಲಿ ಮಾತನಾಡಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಆದರೆ ಹತ್ತು ಮಂದಿ ಮಳೆಬೆಳೆಗಳ ವಿಚಾರವನ್ನು ಆಡಿಕೊಳ್ಳುತ್ತಿರುವಾಗ ಒಬ್ಬನು ತಮಟೆ ಬಡಿಯುತ್ತ ಬಂದು ತನ್ನ ಔಷಧದ ಗುಣಗಾನಕ್ಕೆ ತೊಡಗಿದರೆ, ಅವನು ಕಟ್ಟೆಯ ಒಂದು ಕಲ್ಲನ್ನೂ ಮುಟ್ಟದಿದ್ದರೂ ಏನನ್ನೋ ಅಪಹರಿಸಿದನೆಂದು ಎಲ್ಲರಿಗೂ ತೋರುತ್ತದೆ. ಅಪಹೃತವಾದುದು ಯಾವುದು? ಅವನನ್ನು ತಡೆಯುವ ಭರದಲ್ಲಿ ಕಟ್ಟೆಯೇ ಕೆಡದಂತೆ ನೋಡಿಕೊಳ್ಳುವ ಬಗೆ ಹೇಗೆ? ದೂರದೂರದ ಜನರು ಅಂತರ್ಜಾಲದಲ್ಲಿ ಕೂಡಿ ಚರ್ಚಿಸತೊಡಗಿದ ಮೇಲೆ ಈ ಪ್ರಶ್ನೆಗಳಿಗೆ ಹೊಸ ತೀವ್ರತೆ ಬಂದಿದೆ.

ಬೇಕೆಂದವರು ಯಾರು, ಬೇಡವೆಂದವರು ಯಾರು ಎಂಬುದನ್ನು ಎಣಿಸದೆ ಒಂದೇ ಸಂದೇಶವನ್ನು ರಾಶಿರಾಶಿಯಾಗಿ ಸುರಿಯುವುದಕ್ಕೆ ಸ್ಪ್ಯಾಮ್ ಎಂದು ಹೆಸರು. 1994ನೆಯ ಏಪ್ರಿಲ್ 12ರಂದು ಅಮೆರಿಕೆಯ ವಕೀಲ ದಂಪತಿಗಳಾದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಎಂಬವರು ಯೂಸ್‌ನೆಟ್ ಎಂಬ ಚರ್ಚಾಜಾಲದ 5000ಕ್ಕೂ ಹೆಚ್ಚು ವಿಭಾಗಗಳಲ್ಲಿ ಒಂದೇ ಜಾಹೀರಾತನ್ನು ಹಾಕಿದರು. ಆ ದೇಶದಲ್ಲಿ ನೆಲಸುವ ಅನುಮತಿಯನ್ನು ಚೀಟಿಯೆತ್ತಿ ಕೊಡುವ ಯೋಜನೆಯೊಂದಿತ್ತು. ಅದಕ್ಕೆ ಅರ್ಜಿ ಹಾಕಿಕೊಡುತ್ತೇವೆಂಬುದು ಜಾಹೀರಾತಿನ ಸಾರ. ಗಣಿತವನ್ನು ಕುರಿತು ಮಾತನಾಡುತ್ತಿದ್ದವರಿಗೂ ಸಂಗೀತವನ್ನು ಕುರಿತು ಮಾತನಾಡುತ್ತಿದ್ದವರಿಗೂ ಅದೇ ಮಾತು. ಜನರು ಸಿಡಿದೆದ್ದರು. ದಂಪತಿಗಳಾದರೋ ತಾವು ಮಾಡಿದುದರಲ್ಲಿ ತಪ್ಪನ್ನು ಕಾಣಲಿಲ್ಲ, ಲಾಭವಾಯಿತೆಂದೇ ಹೇಳಿಕೊಂಡರು.

“ಬೇಡವಾದರೆ ಓದದಿರಲಿ” ಎಂಬುದು ಇಂಥವರ ಸಮಾಧಾನ. ಆದರೆ ಬೇಡವಾದುದೆಂದು ತಿಳಿಯಬೇಕಾದರೂ ಓದಿಯೇ ತಿಳಿಯಬೇಕಷ್ಟೆ! ಅಂಚೆಯ ಕಾಗದಕ್ಕೆ ಬರೆದವನು ಒಂದೊಂದಕ್ಕೂ ಹಣ ತೆರುತ್ತಾನೆ. ಇಲ್ಲಿ ಒಂದನ್ನು ಕಳುಹಿಸುವ ವೆಚ್ಚಕ್ಕೂ ಲಕ್ಷವನ್ನು ಕಳುಹಿಸುವ ವೆಚ್ಚಕ್ಕೂ ಹೆಚ್ಚಿನ ಅಂತರವಿಲ್ಲ; ಮಿಕ್ಕ ವೆಚ್ಚವನ್ನೆಲ್ಲ ಓದುವವರು ತೆರುತ್ತಾರೆ. 6000 ಮಂದಿ ಒಂದೊಂದು ನಿಮಿಷವನ್ನು ಕಳೆದುಕೊಂಡರೆ 100 ಗಂಟೆಗಳಾದುವು. ಅಪಹೃತವಾದುದು ಮನುಷ್ಯನ ಅವಧಾನ. ಒಬ್ಬೊಬ್ಬರಿಂದ ಹೋದುದು ಅಲ್ಪವಾದುದರಿಂದ ಯಾರೂ ದೂರು ಕೊಡುವುದಿಲ್ಲ. ಕಳವು ಮಾತ್ರ ಕಳವೇ.

ತಡೆಯತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಗಿಲು ಕಾಯುವವನಿಂದ ಎರಡು ತಪ್ಪುಗಳು ಸಂಭವಿಸಬಹುದು. ಕಸವನ್ನು ಒಳಗೆ ಬಿಡುವುದು ಒಂದು. ಸಜ್ಜನನನ್ನು ಹೊರಗೆ ನೂಕುವುದು ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಯಾರಿಗೂ ಕಾಣುವುದಿಲ್ಲ. ಅದನ್ನು ಬಲ್ಲವನು ಹೊರಗೆ ನಿಂತವನೊಬ್ಬನೇ. ಒಳಗಿರುವವರಿಗೆ ಅವನ ಧ್ವನಿಯೇ ಕೇಳಿಸದು. ಹೀಗೆ ನಿಂದೆಯೆಲ್ಲ ಮೊದಲನೆಯ ತಪ್ಪಿಗೇ ಬರುವುದರಿಂದ, ಕಾವಲುಗಾರನು ಎರಡನೆಯದರ ಕಡೆಗೆ ಸಹಜವಾಗಿಯೇ ವಾಲುತ್ತಾನೆ. ಆ ವಾಲುವಿಕೆಯೇ ಇಲ್ಲಿನ ನಿಜವಾದ ಧರ್ಮಸಂಕಟ.

ಯಂತ್ರಗಳು ಈ ಸಂಕಟವನ್ನು ನೀಗಿಸಲಿಲ್ಲ. ಪದಗಳ ಸಂಭವನೀಯತೆಯನ್ನು ಲೆಕ್ಕ ಹಾಕಿ ಕಸವನ್ನು ಬೇರ್ಪಡಿಸುವ ಕ್ರಮವನ್ನು 2002ರಲ್ಲಿ ಪ್ರಚುರಪಡಿಸಿದ ಪಾಲ್ ಗ್ರಹಾಮ್, ನಿಜವಾದ ಓಲೆಯೊಂದು ಕಳೆದುಹೋಗುವುದು ಕಸವೊಂದು ನುಸುಳುವುದಕ್ಕಿಂತ ಬಹಳ ಕೆಟ್ಟದ್ದೆಂದು ಒತ್ತಿ ಹೇಳಿದನು. ಸೊಟ್ಟಸೊಟ್ಟಾದ ಅಕ್ಷರಗಳನ್ನು ಓದಿ ತಾನು ಮನುಷ್ಯನೆಂದು ರುಜುವಾತು ಮಾಡಬೇಕೆಂಬ ಪರೀಕ್ಷೆಯು ದೃಷ್ಟಿಯಿಲ್ಲದವರನ್ನೂ ಹೊರಗೆ ನಿಲ್ಲಿಸಿತು. ಕಾಯಿದೆಯ ಕಥೆಯೂ ಬೋಧಪ್ರದವೇ. ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಎ ಎಂಬ ಕಲಮು, ಕಿರುಕುಳವನ್ನುಂಟುಮಾಡಲು ಕಳುಹಿಸಿದ ಸಂದೇಶಗಳನ್ನೂ ಅಪರಾಧವೆಂದು ಗಣಿಸಿತು. ಅದನ್ನು ಅಭಿಪ್ರಾಯ ಹೇಳಿದವರ ಮೇಲೂ ಪ್ರಯೋಗಿಸಿದರು. ಅದರ ಮಾತುಗಳು ಅಸ್ಪಷ್ಟವಾದುವೆಂದೂ, ಅದು ವಾಕ್‌ಸ್ವಾತಂತ್ರ್ಯಕ್ಕೆ ವಿರೋಧವೆಂದೂ ಸರ್ವೋಚ್ಚ ನ್ಯಾಯಾಲಯವು 2015ನೆಯ ಮಾರ್ಚ್ 24ರಂದು ಅದನ್ನು ರದ್ದುಗೊಳಿಸಿತು. ಅಪ್ರಿಯವಾದುದೆಲ್ಲವೂ ಉಪದ್ರವವಲ್ಲ.

ಆದುದರಿಂದ ಪ್ರತಿಬಂಧವು ನಡತೆಯನ್ನು ನೋಡಬೇಕೇ ಹೊರತು ಅಭಿಪ್ರಾಯವನ್ನಲ್ಲ. ಒಂದೊಂದು ಓಲೆಗೂ ಕಳುಹಿಸುವವನ ಯಂತ್ರವು ಸ್ವಲ್ಪ ಲೆಕ್ಕವನ್ನು ಮಾಡಬೇಕೆಂದು ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಎಂಬ ವಿದ್ವಾಂಸರು 1992ರಲ್ಲಿ ಸೂಚಿಸಿದರು. ಒಂದು ಓಲೆ ಬರೆವವನಿಗೆ ಅದು ತಿಳಿಯದಷ್ಟು ಹಗುರ. ಲಕ್ಷ ಓಲೆ ಸುರಿವವನಿಗೆ ಹೊರಲಾರದ ಹೊರೆ. ಆ ಉಪಾಯವು ಸರ್ವತ್ರ ನೆಲೆಗೊಳ್ಳದಿದ್ದರೂ ಅದರ ನ್ಯಾಯವು ಗ್ರಾಹ್ಯವಾದುದು: ಹೊರೆಯು ಉಪದ್ರವಕ್ಕೆ ತಕ್ಕಂತೆ ಏರಬೇಕು. ಹೊಸಬನ ಮೊದಲ ಕೆಲವು ಬರಹಗಳನ್ನು ಹಿರಿಯರು ನೋಡಿ ಬಿಡಲಿ, ತಡೆದರೆ ಕಾರಣವನ್ನು ಹೇಳಲಿ, ಮರುವಿಚಾರಣೆಗೆ ದಾರಿಯಿರಲಿ. ಕಾಯುವ ಶ್ರಮವನ್ನು ಸರದಿಯಂತೆ ಎಲ್ಲರೂ ಹೊರಲಿ. ಕಾವಲುಗಾರನ ಅವಧಾನವೂ ಅವಧಾನವೇ ಅಲ್ಲವೆ?

ತಮಟೆಯವನನ್ನು ಕಟ್ಟೆಯಿಂದ ಇಳಿಸುವುದು ಸುಲಭ. ಅವನಾದ ಮೇಲೆ ಬಂದ ಅಪರಿಚಿತನಿಗೆ ಕುಳಿತುಕೊಳ್ಳಲು ಎಡೆಯನ್ನು ಬಿಡುವುದು ಕಷ್ಟ. ಇವೆರಡನ್ನೂ ಬಲ್ಲ ಊರಿನಲ್ಲಿಯೇ ಕಟ್ಟೆಯು ಎಲ್ಲರದಾಗಿ ಉಳಿದೀತು.