ಕಣ್ಣಿಗೆ ಕಂಡದ್ದು, ಮನಸ್ಸು ಅಂದುಕೊಂಡದ್ದು

ಊರಿಗೊಂದು ಚಿತ್ರಕಲಾ ಕೇಂದ್ರ ಬರುತ್ತದೆ ಎಂಬ ಸುದ್ದಿ ಕೇಳಿದಾಗ ಬಹಳ ಜನರಿಗೆ ಒಳ್ಳೆಯದಾಯಿತು ಅನ್ನಿಸುತ್ತದೆ. ಅದರ ಬೆನ್ನಿಗೇ, ಅದು ನಮಗಲ್ಲ, ಬೇರೆ ಯಾರಿಗೋ ಎಂದೂ ಅನ್ನಿಸುತ್ತದೆ. ಆಸ್ಪತ್ರೆ ಬಂದರೆ ಹೀಗಾಗುವುದಿಲ್ಲ, ಬಸ್ ನಿಲ್ದಾಣ ಬಂದರೆ ಹೀಗಾಗುವುದಿಲ್ಲ. ಗುಡಿಯ ಜೀರ್ಣೋದ್ಧಾರವಾದರೆ ಊರಿಗೆ ಊರೇ ಸೇರುತ್ತದೆ. ಆದರೆ ಚಿತ್ರಗಳಿರುವ ಮನೆಯ ಬಾಗಿಲಲ್ಲಿ ಮಾತ್ರ, ಬದುಕಿನಲ್ಲಿ ಎಷ್ಟೋ ಕಷ್ಟಗಳನ್ನು ಹಾದು ಬಂದ ಗಟ್ಟಿ ಮನುಷ್ಯರೂ ಒಂದು ಗಳಿಗೆ ಅಳುಕುತ್ತಾರೆ. ಒಳಗೆ ಹೋದರೆ ಯಾರಾದರೂ ಏನಾದರೂ ಕೇಳಿಬಿಟ್ಟಾರು, ತಿಳಿಯದವರೆಂದು ತಮ್ಮನ್ನು ಎಣಿಸಿಬಿಟ್ಟಾರು ಎಂಬ ಸಂಕೋಚ. ‘ನಮಗೇನು ತಿಳೀತದೆ ಅದೆಲ್ಲ’ ಎಂದು ಮುಂದೆ ಸಾಗುತ್ತಾರೆ. ಅಂಥ ಹೊಸ ಕಲಾಕೇಂದ್ರದ ಸಂತೋಷವನ್ನು ಮನಸಾರೆ ಅನುಭವಿಸುತ್ತಲೇ ನಾನು ಯೋಚಿಸಬೇಕೆಂದುಕೊಂಡದ್ದು ಈ ಅಳುಕಿನ ಬಗ್ಗೆ. ಅದು ಎಲ್ಲಿಂದ ಬಂತು? ಚಿತ್ರ ಬಿಡಿಸುವ ಕೆಲಸಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೆ?

ಚಿತ್ರ ಕಲಿಸುವ ಯಾವ ಕೋಣೆಯಲ್ಲಾದರೂ ಮೊದಲ ದಿನಗಳಲ್ಲಿ ನಡೆಯುವ ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡೋಣ. ಮೇಷ್ಟ್ರು ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು, ಇದನ್ನು ಬಿಡಿಸಿ ಎನ್ನುತ್ತಾರೆ. ಮಕ್ಕಳಿರಲಿ, ದೊಡ್ಡವರಿರಲಿ, ಹೆಚ್ಚಿನವರು ಬಿಡಿಸುವ ಲೋಟ ಒಂದೇ ತರಹದ್ದು: ಬಾಯಿ ಚಪ್ಪಟೆಯಾದ ದುಂಡು, ಎರಡು ಬದಿಗೆ ಎರಡು ಗೆರೆ, ತಳಕ್ಕೆ ಒಂದು ನೇರ ಗೆರೆ. ಮೇಷ್ಟ್ರು ಹತ್ತಿರ ಬಂದು, ತಳ ಇನ್ನೊಮ್ಮೆ ನೋಡು ಎನ್ನುತ್ತಾರೆ. ಹುಡುಗ ನೋಡುತ್ತಾನೆ, ಮತ್ತೆ ನೇರ ಗೆರೆಯನ್ನೇ ಎಳೆಯುತ್ತಾನೆ. ಲೋಟ ಮೇಜಿನ ಮೇಲೆ ಕೂತಿದೆ, ಮೇಜು ಸಮತಟ್ಟಾಗಿದೆ, ಆದ್ದರಿಂದ ತಳವೂ ನೇರ ಎಂದು ಅವನ ಬುದ್ಧಿ ಮೊದಲೇ ತೀರ್ಪು ಕೊಟ್ಟಾಗಿದೆ. ಕಣ್ಣಿನ ಸಾಕ್ಷಿಯನ್ನು ಯಾರೂ ಕೇಳಿಲ್ಲ. ನಿಜವಾಗಿ, ಸ್ವಲ್ಪ ಮೇಲಿನಿಂದ ನೋಡುವವನಿಗೆ ಲೋಟದ ಬಾಯಿ ಬಾಗಿ ಕಾಣುವ ಹಾಗೆಯೇ ತಳವೂ ಬಾಗಿ ಕಾಣುತ್ತದೆ, ಅದೂ ಬಾಯಿಗಿಂತ ತುಸು ಹೆಚ್ಚೇ ಬಾಗಿ. ಒಂದು ಹಂತದಲ್ಲಿ ಹುಡುಗನಿಗೆ ಅದು ಕಾಣಿಸುತ್ತದೆ. ಕಂಡ ಕ್ಷಣದಲ್ಲಿ ಅವನು ರಬ್ಬರ್ ತೆಗೆದುಕೊಳ್ಳುತ್ತಾನೆ.

ಆ ರಬ್ಬರ್ ತೆಗೆದುಕೊಳ್ಳುವ ಕ್ಷಣವನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ತಾನು ಅಂದುಕೊಂಡದ್ದು ಬೇರೆ, ಎದುರಿಗಿರುವುದು ಬೇರೆ ಎಂದು ಒಬ್ಬ ಮನುಷ್ಯ, ಯಾರ ಒತ್ತಾಯವೂ ಇಲ್ಲದೆ, ಯಾರ ಮುಂದೆಯೂ ಸೋಲದೆ ಒಪ್ಪಿಕೊಳ್ಳುವ ಅವಕಾಶಗಳು ಬದುಕಿನಲ್ಲಿ ಎಷ್ಟು ಸಿಗುತ್ತವೆ? ಮಾತಿನ ಜಗಳದಲ್ಲಿ ಸಿಗುವುದಿಲ್ಲ; ರಾಜಕೀಯದಲ್ಲಂತೂ ಇಲ್ಲವೇ ಇಲ್ಲ. ಮನೆಯೊಳಗೂ ಕಷ್ಟವೇ. ನಾವು ದಿನವಿಡೀ ಮನುಷ್ಯರಿಗೆ ನೇರ ಗೆರೆಯ ತಳ ಎಳೆಯುತ್ತಲೇ ಇರುತ್ತೇವೆ. ಇವನು ಇಂಥ ಜಾತಿಯವನು, ಇಂಥ ಕೆಲಸದವನು, ಇಂಥ ಕಡೆಯಿಂದ ಬಂದವನು ಎಂದು ತಿಳಿದ ಮೇಲೆ ನಮ್ಮ ಕಣ್ಣು ಅವನ ಮೇಲೆ ನಿಲ್ಲುವುದಿಲ್ಲ, ಹಾದು ಹೋಗುತ್ತದೆ. ಕಲಾಶಾಲೆಗಳಲ್ಲಿ ಮನುಷ್ಯಾಕೃತಿಯ ಅಭ್ಯಾಸಕ್ಕೆಂದು ಮಾಡೆಲ್ ಆಗಿ ಕೂರುವವರು ಬಹುಮಟ್ಟಿಗೆ ದಿನಗೂಲಿಯ ಮೇಲೆ ಬಂದ ಬಡವರು: ವಯಸ್ಸಾದ ಹಮಾಲ, ಕಟ್ಟಡದ ಕೆಲಸ ಸಿಗದ ಹೆಂಗಸು. ಬೀದಿಯಲ್ಲಿ ಯಾರೂ ಮುಖವೆತ್ತಿ ನೋಡದ ಅವರನ್ನು ಹತ್ತಿಪ್ಪತ್ತು ಜನ ಎಳೆಯರು ಗಂಟೆಗಟ್ಟಲೆ ಎದುರು ಕೂತು ನೋಡುತ್ತಾರೆ; ಹುಬ್ಬಿನ ಮೂಳೆ ಎಲ್ಲಿ ಏಳುತ್ತದೆ, ಕೊರಳಿನ ನರ ಎಲ್ಲಿ ಇಳಿಯುತ್ತದೆ, ಒಂದು ಭುಜ ಇನ್ನೊಂದಕ್ಕಿಂತ ಯಾಕೆ ಕೆಳಗಿದೆ ಎಂದು. ಆ ಒಂದು ಭುಜ ಕೆಳಗಿರುವುದಕ್ಕೆ ಹೊತ್ತ ಮೂಟೆಗಳು ಕಾರಣವಿರಬಹುದೆಂದು ಗೆರೆ ಎಳೆಯುತ್ತಿರುವ ಹುಡುಗಿಗೆ ಹೊಳೆದರೆ, ಅವಳು ಆ ದಿನ ಕಲಿತದ್ದು ಬರೀ ಚಿತ್ರವೆ?

ನಮ್ಮ ನಾಡಿನಲ್ಲಿ ಈ ನೋಟವನ್ನು ಉಳಿಸಿದವರು ಮುಖ್ಯವಾಗಿ ಮೇಷ್ಟ್ರುಗಳು. ಗದಗದಲ್ಲಿ ಟಿ.ಪಿ. ಅಕ್ಕಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಬಾದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದ್. ಇವರೆಲ್ಲ ತಾವು ಚಿತ್ರ ಬರೆಯಬಹುದಾಗಿದ್ದ ಹೊತ್ತನ್ನು ಬೇರೆಯವರು ಬರೆಯುವುದಕ್ಕೆ ಕೊಟ್ಟವರು. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಹಿಂದೆ ಎಂ.ಎಸ್. ನಂಜುಂಡರಾಯರ ದುಡಿಮೆಯಿದೆ, ಅವರು ಕಾಲೇಜು ಕಟ್ಟಿದ್ದಷ್ಟೇ ಅಲ್ಲ, ಹಳ್ಳಿಗಳಲ್ಲಿ ತೊಗಲುಗೊಂಬೆಗಳನ್ನು ಹುಡುಕಿ ತಂದು ಕಾಪಾಡಿದರು. ಹೆಸರು ಉಳಿಯದ ಡ್ರಾಯಿಂಗ್ ಮೇಷ್ಟ್ರುಗಳು ಇನ್ನೆಷ್ಟೋ ಊರುಗಳಲ್ಲಿ ಮಕ್ಕಳನ್ನು ಲೋಯರ್, ಹೈಯರ್ ಪರೀಕ್ಷೆಗೆ ಕೂರಿಸಿದರು. ಯಾವ ಹೊಸ ಕಲಾಕೇಂದ್ರದ ನೆಲಕ್ಕೂ ಕಲ್ಲು ಹಾಸುವ ಮೊದಲೇ ಇವರು ಹಾಸಿಟ್ಟ ನೆಲವೊಂದಿದೆ.

ಆದರೂ ಅಳುಕು ಉಳಿದಿದೆ. ಅದು ಅಳಿಯದ್ದೇನೂ ಅಲ್ಲವೆಂದು ಪರಿಷತ್ತೇ 2003ರಿಂದ ತೋರಿಸುತ್ತ ಬಂದಿದೆ. ವರ್ಷಕ್ಕೊಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ ಚಿತ್ರಸಂತೆ ನಡೆಸುತ್ತಾರೆ. ಗ್ಯಾಲರಿಯ ಮೆಟ್ಟಿಲು ಎಂದೂ ಹತ್ತದ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ, ಫುಟ್‌ಪಾತ್ ಮೇಲೆ ಕೂತ ಕಲಾವಿದನನ್ನೇ ಇದು ಏನು, ಯಾಕೆ ಹೀಗೆ, ಎಷ್ಟು ಎಂದು ಕೇಳುತ್ತಾರೆ, ಅವನು ಹೇಳುತ್ತಾನೆ. ಅದೇ ಜನ, ಅವೇ ಚಿತ್ರಗಳು. ಬದಲಾದದ್ದು ಬಾಗಿಲು ಒಂದೇ. ಹಾಗಿದ್ದರೆ ನಮ್ಮ ಜನಕ್ಕೆ ಕಲೆಯ ಅಭಿರುಚಿಯಿಲ್ಲ ಎಂದು ನಾವು ಇಷ್ಟು ಕಾಲ ಹೇಳಿಕೊಂಡು ಬಂದದ್ದು ಎಂಥ ಅವಸರದ ತೀರ್ಪು!

ಸಾಗರ, ಸೊರಬದ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ತಿಳಿದೀತು. ಕೆಮ್ಮಣ್ಣು ಬಳಿದ ಗೋಡೆ. ನೆನೆಸಿ ಅರೆದ ಅಕ್ಕಿಯ ಬಿಳಿ. ಸೀದ ಅಕ್ಕಿಯ ಕಪ್ಪು. ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಅಳತೆಪಟ್ಟಿ ಇಲ್ಲದೆ, ಉಸಿರು ಹಿಡಿದು ಎಳೆದ ಗೆರೆಯ ಪಕ್ಕ ಗೆರೆ, ಅಡ್ಡಕ್ಕೆ ಗೆರೆ, ಮೂಲೆಯಿಂದ ಮೂಲೆಗೆ ಗೆರೆ. ನೋಡನೋಡುತ್ತ ಅದು ಹಂದರವಾಗುತ್ತದೆ, ಒಳಗೆ ಮದುಮಕ್ಕಳ ಹಸೆಯಾಗುತ್ತದೆ. ಭೂಮಿ ಹುಣ್ಣಿಮೆ ಬಂದರೆ ಅದೇ ಕೈ, ಬಸುರಿ ಭೂಮಿಗೆ ಚರಗ ಒಯ್ಯುವ ಬುಟ್ಟಿಯ ಮೇಲೆ ಅಷ್ಟೇ ಶ್ರದ್ಧೆಯಿಂದ ಆಡುತ್ತದೆ. ಈ ಕೈಯ ಒಡತಿಯನ್ನು ನೀವು ಕಲಾಕೇಂದ್ರಕ್ಕೆ ಕರೆದು ನೋಡಿ. ‘ಅಯ್ಯೋ, ಚಿತ್ರ ನಮಗೆಲ್ಲಿ ಬರ್ತದೆ?’ ಎನ್ನುತ್ತಾಳೆ. ಅದು ವಿನಯವೆಂದು ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಅದು ಬರೀ ವಿನಯವಲ್ಲ. ತಲೆಮಾರುಗಳಿಂದ ಯಾರೋ ಅವಳ ಬಗ್ಗೆ ಎಳೆದ ನೇರ ಗೆರೆಯನ್ನು ಅವಳೂ ನಂಬಿಕೊಂಡಿದ್ದಾಳೆ. ತನ್ನ ಕೈಯನ್ನು ತಾನೇ ನೋಡುವುದನ್ನು ಬಿಟ್ಟಿದ್ದಾಳೆ.

ಈ ಗೆರೆಯನ್ನು ಒಮ್ಮೆ ಗಟ್ಟಿಮನಸ್ಸಿನಿಂದ ಅಳಿಸಿದ ಮನೆಯೊಂದು ಭೋಪಾಲದಲ್ಲಿದೆ. 1982ರಲ್ಲಿ ತೆರೆದ ಭಾರತ ಭವನ. ಚಾರ್ಲ್ಸ್ ಕೊರಿಯಾ ಅದನ್ನು ಎತ್ತರಕ್ಕೆ ಕಟ್ಟಲಿಲ್ಲ. ದೊಡ್ಡ ಕೆರೆಯ ಕಡೆಗಿನ ಇಳಿಜಾರಿನಲ್ಲಿ ಹುದುಗಿಸಿದರು. ಹೋಗುವವರಿಗೆ ಮೊದಲು ಸಿಗುವುದು ಕಟ್ಟಡದ ಮುಖವಲ್ಲ, ಹುಲ್ಲು ಹಾಸಿದ ತಾರಸಿಗಳು. ಕೆರೆಯನ್ನು ನೋಡುತ್ತ ಇಳಿಯುತ್ತ ಬಂದವನು ತನಗೇ ತಿಳಿಯದಂತೆ ಅಂಗಳದಲ್ಲಿರುತ್ತಾನೆ. ಅಲ್ಲಿನ ರೂಪಂಕರ ವಸ್ತುಸಂಗ್ರಹಾಲಯದ ಹೊಣೆ ಹೊತ್ತ ಚಿತ್ರಕಾರ ಜೆ. ಸ್ವಾಮಿನಾಥನ್ ಎಳೆಯ ಕಲಾವಿದರನ್ನು ಮಧ್ಯಪ್ರದೇಶದ ಹಳ್ಳಿಹಳ್ಳಿಗೆ ಕಳಿಸಿದರು. ತಂದದ್ದನ್ನು ಜನಪದವೆಂಬ ಬೇರೆ ಕೋಣೆಗೆ ತಳ್ಳದೆ, ನಗರದ ಆಧುನಿಕ ಕಲೆಗೆ ಸಮಸಮನಾದ ಜಾಗವನ್ನು ಅದೇ ಸೂರಿನಡಿ ಕೊಟ್ಟರು. ಎರಡೂ ಈ ಕಾಲದವೇ, ಇಬ್ಬರೂ ಕಲಾವಿದರೇ ಎಂಬುದು ಅವರ ನಿಲುವು. ಹಾಗೆ ಹೋದವರಿಗೆ ಪಾಟನ್‌ಗಢ ಎಂಬ ಹಳ್ಳಿಯ ಗೋಡೆಯ ಮೇಲೆ ಒಬ್ಬ ಪರಧಾನ ಗೊಂಡ ತರುಣನ ಕೆಲಸ ಕಾಣಿಸಿತು. ಅವರು ಜಂಗಢ್ ಸಿಂಗ್ ಶ್ಯಾಮ್. ಗೊಂಡರ ಮನೆಮನೆಗೆ ಹೋಗಿ ಬಾನಾ ಎಂಬ ವಾದ್ಯ ನುಡಿಸಿ ವಂಶದ, ದೇವರ ಕಥೆ ಹಾಡುತ್ತಿದ್ದ ಕುಲದವರು. ಆ ಕಥೆಗಳ ದೇವರು, ಹುಲಿ, ಮರ, ಹಕ್ಕಿಗಳೆಲ್ಲ ಚುಕ್ಕಿ ಚುಕ್ಕಿಯಾಗಿ, ಮೊದಲ ಬಾರಿಗೆ ಕಾಗದದ ಮೇಲೆ, ಕ್ಯಾನ್ವಾಸಿನ ಮೇಲೆ ಅವರ ಕೈಯಿಂದ ಇಳಿದು ಬಂದವು. 1989ರಲ್ಲಿ ಪ್ಯಾರಿಸ್ಸಿನ ಬಹುದೊಡ್ಡ ಪ್ರದರ್ಶನವೊಂದರಲ್ಲಿ ಅವರ ಚಿತ್ರಗಳಿದ್ದವು. ಅವರ ಬೆನ್ನಿಗೆ ಅಣ್ಣತಮ್ಮಂದಿರ ಮಕ್ಕಳು, ನೆಂಟರು ಭೋಪಾಲಕ್ಕೆ ಬಂದು ಕುಂಚ ಹಿಡಿದರು. ಭಜ್ಜು ಶ್ಯಾಮ್, ದುರ್ಗಾಬಾಯಿ ವ್ಯಾಮ್ ಅವರಿಗೆ ಪದ್ಮಶ್ರೀ ಬಂತು. ಊರು ಪೇರಿನ ಗುರುತಿಲ್ಲದೆ ಗೋಡೆಯ ಮೇಲೆ ಉಳಿದು ಮಳೆಗೆ ಅಳಿಯಬೇಕಿದ್ದ ಕೈಬರಹ ಇಂದು ಜಂಗಢ ಕಲಮ್ ಎಂದು ಅವರ ಹೆಸರಿನಲ್ಲೇ ಕರೆಸಿಕೊಳ್ಳುತ್ತದೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಸಂಭ್ರಮಿಸುವುದು ಸುಲಭ. ಆದರೆ 2001ರಲ್ಲಿ, ಜಪಾನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಚಿತ್ರ ಬರೆಯಲು ಹೋಗಿದ್ದ ಜಂಗಢ್, ಮನೆಯಿಂದ ಅಷ್ಟು ದೂರದಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಅಂಥ ಸಾವಿಗೆ ದೂರದಲ್ಲಿ ಕೂತವರು ಕಾರಣ ಹೇಳುವುದು ತರವಲ್ಲ, ನಾನು ಹೇಳುವುದೂ ಇಲ್ಲ. ಒಂದು ಪ್ರಶ್ನೆಯನ್ನಂತೂ ಆ ಸಾವು ನಮ್ಮ ಮುಂದೆ ಇಟ್ಟು ಹೋಗಿದೆ. ಚಿತ್ರವನ್ನು ಅಷ್ಟು ಪ್ರೀತಿಯಿಂದ ನೋಡಿದ ನಾವು, ಬರೆದವನನ್ನು ನೋಡಿದೆವೆ? ಅವನ ಊಟ, ನಿದ್ದೆ, ಅವನ ಮಾತು ತಿಳಿಯುವ ಒಬ್ಬ ಜೊತೆಗಾರ, ಮನೆಗೆ ಹೋಗಬೇಕೆನಿಸಿದಾಗ ಹೋಗುವ ದಾರಿ, ಇವೂ ಕಲೆಯ ಲೆಕ್ಕಕ್ಕೆ ಸೇರಿದವು ಎಂದು ಎಷ್ಟು ಸಂಸ್ಥೆಗಳು ತಿಳಿದಿವೆ? ಕಲೆಗಾಗಿ ಕಟ್ಟಿದ ಮನೆಯಲ್ಲಿ ಕಲೆಗಾರನೇ ಒಂದು ವಸ್ತುವಾಗಿಬಿಡುವ ಅಪಾಯ ಸದಾ ಇದ್ದೇ ಇರುತ್ತದೆ, ಮತ್ತು ಅದು ಕೆಟ್ಟವರಿಂದಲೇ ಬರಬೇಕೆಂದಿಲ್ಲ; ಗೋಡೆ ತುಂಬಬೇಕೆಂಬ ಒಳ್ಳೆಯವರ ಉತ್ಸಾಹದಿಂದಲೂ ಬರುತ್ತದೆ.

ಹಾಗಾಗಿ ಹೊಸ ಕಲಾಕೇಂದ್ರ ಕಟ್ಟುವವರಲ್ಲಿ ನನ್ನದು ಕೆಲವು ಸಣ್ಣ ಕೋರಿಕೆಗಳು. ಬಾಗಿಲನ್ನು ಕಚೇರಿ ಬಿಡುವ ಹೊತ್ತಿಗೇ ಮುಚ್ಚಬೇಡಿ. ಅಂಗಡಿ ಮುಚ್ಚಿ ಬರುವವನಿಗೆ, ಹೊಲದಿಂದ ಮರಳುವವಳಿಗೆ ಅದಾದ ಮೇಲೇ ಬಿಡುವು. ಬಂದವರಿಗೆ ವಿವರಣೆ ಕೊಡುವ ಮೊದಲು ಕೂರಲು ಒಂದು ಬೆಂಚು ಕೊಡಿ, ಒಂದೇ ಚಿತ್ರದ ಮುಂದೆ ಅವರು ಎಷ್ಟು ಹೊತ್ತು ಕೂತರೂ ಯಾರೂ ಏನೂ ಕೇಳದಿರಲಿ. ಊರಿನಲ್ಲಿ ರಂಗೋಲಿ ಇಡುವವರು, ಅಂಗಡಿ ಬೋರ್ಡು ಬರೆಯುವವರು, ಗಣಪತಿ ಮಾಡುವವರು, ಲಾರಿಗೆ ಬಣ್ಣ ಬಳಿಯುವವರು ಯಾರಿದ್ದಾರೆಂದು ಹುಡುಕಿ, ಅವರನ್ನು ನೋಡುಗರಾಗಿ ಅಲ್ಲ, ಕಲಿಸುವವರಾಗಿ ಕರೆಯಿರಿ. ಮತ್ತು ಒಳಗಿನ ಗೋಡೆಗಳಲ್ಲಿ ಒಂದಕ್ಕಾದರೂ ಪೇಂಟ್ ಬಳಿಯದೆ ಕೆಮ್ಮಣ್ಣಿಗೆ ಬಿಟ್ಟುಕೊಡಿ. ಪ್ರತಿವರ್ಷ ಒಬ್ಬ ಚಿತ್ತಾರಗಿತ್ತಿ ಬಂದು ಅದರ ಮೇಲೆ ಬರೆಯಲಿ, ಮರುವರ್ಷ ಅದನ್ನು ಸಾರಿಸಿ ಇನ್ನೊಬ್ಬಳು ಬರೆಯಲಿ. ನಗರದಿಂದ ಬರುವ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಅವಳಿಗೂ ಸಲ್ಲಲಿ. ಪಕ್ಕದಲ್ಲಿ ಅವಳ ಹೆಸರು, ಅವಳ ಊರು, ಆ ಚಿತ್ತಾರವನ್ನು ಅವಳು ಯಾರಿಂದ ಕಲಿತಳು ಎಂಬುದು ಇರಲಿ. ಅದನ್ನು ಬರೆಯುವ ಮುಂಚೆ, ಹೇಗೆ ಬರೆಯಬೇಕೆಂದು ಅವಳನ್ನೇ ಕೇಳಿ.