ನ್ಯಾಸಾಪಹಾರವೂ ಹೂಡಿಕೆ ನಿಧಿಯ ಲೆಕ್ಕಪತ್ರವೂ

ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ, ಮಂದರಗಿರಿಯ ಬಸದಿಗಳ ದರ್ಶನ ಮುಗಿಸಿ ಬೆಟ್ಟವಿಳಿಯುತ್ತಿದ್ದೆನು. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿರುವ ನಮ್ಮ ಸಮಾಜದ ಯುವಕನೊಬ್ಬನು ಜೊತೆಯಲ್ಲಿದ್ದನು. ಅವನು ನನ್ನ ಹಳೆಯ ಶಿಷ್ಯ.

"ಮೇಷ್ಟ್ರೇ, ನನ್ನ ಉಳಿತಾಯವನ್ನು ಒಂದು ಹೂಡಿಕೆ ನಿಧಿಯಲ್ಲಿ ಇಟ್ಟಿದ್ದೇನೆ. ಅದನ್ನು ನಡೆಸುವವರಿಗೆ ನಷ್ಟದ ಸುಳಿವು ಸಿಕ್ಕಿದೆ ಎಂದುಕೊಳ್ಳಿ. ಹೇಳಿದರೆ ಜನ ಹೆದರಿ ಒಮ್ಮೆಲೇ ಹಣ ಕೇಳುತ್ತಾರೆ, ನಿಧಿ ಮುಳುಗುತ್ತದೆ, ಎಲ್ಲರಿಗೂ ಪೀಡೆ. ಹೇಳದಿದ್ದರೆ ಆರು ತಿಂಗಳಲ್ಲಿ ನಷ್ಟ ತುಂಬಿಯೂ ಹೋಗಬಹುದು. ಪರರಿಗೆ ವಿಪತ್ತು ತರುವ ಸತ್ಯವನ್ನು ಶ್ರಾವಕನು ಆಡಬಾರದೆಂದು ನೀವೇ ಪಾಠ ಹೇಳಿದ್ದೀರಿ. ಹಾಗಾದರೆ ಅವರು ಸುಮ್ಮನಿರುವುದೇ ಧರ್ಮವಲ್ಲವೆ?"

ಪ್ರಶ್ನೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ನಿಂತು ನಾನು ಕೊಟ್ಟ ಉತ್ತರ ಅಷ್ಟು ಚೆನ್ನಾಗಿರಲಿಲ್ಲ. ಆದ್ದರಿಂದ ಈ ಲೇಖನ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಸಾವಿರಾರು ಜನರು ತಮ್ಮ ಹಣವನ್ನು ಒಂದೆಡೆ ಕೂಡಿಸುತ್ತಾರೆ. ಟ್ರಸ್ಟಿಗಳು ಅದನ್ನು ಅವರೆಲ್ಲರ ಪರವಾಗಿ ಹಿಡಿದಿರುತ್ತಾರೆ. ವ್ಯವಸ್ಥಾಪಕರು ಆ ಹಣದಿಂದ ಷೇರು, ಸಾಲಪತ್ರ, ಕಟ್ಟಡಗಳನ್ನು ಕೊಳ್ಳುತ್ತಾರೆ. ಹಣ ಕೊಟ್ಟವನ ಕೈಯಲ್ಲಿ ಉಳಿಯುವುದು ಇಷ್ಟು ಯೂನಿಟ್‌ಗಳೆಂಬ ಒಂದು ಸಂಖ್ಯೆ ಮಾತ್ರ. ತನ್ನ ಒಡವೆ ಎಲ್ಲಿದೆ, ಹೇಗಿದೆ ಎಂಬುದನ್ನು ಅವನು ಕಣ್ಣಾರೆ ಕಾಣಲಾರನು. ನಿಧಿಯವರು ಕಳುಹಿಸುವ ವರದಿಯೇ ಅವನ ಕಣ್ಣು.

ನಷ್ಟ ಬರುವುದೇ ಪಾಪವೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಗುಬ್ಬಿ, ಕುಣಿಗಲ್ ಸೀಮೆಯ ರೈತನು ತೆಂಗಿನ ನಡುವೆ ಅಡಿಕೆ ನೆಡುತ್ತಾನೆ, ಬದುವಿನಲ್ಲಿ ಹಲಸು ಬೆಳೆಸುತ್ತಾನೆ, ಹೊಲಕ್ಕೆ ರಾಗಿ ಬಿತ್ತುತ್ತಾನೆ. ಕೊಬ್ಬರಿಯ ಧಾರಣೆ ಬಿದ್ದ ವರ್ಷ ರಾಗಿಯಾದರೂ ಮನೆ ಸೇರಲಿ ಎಂಬ ಎಚ್ಚರ ಅದು. ಹೂಡಿಕೆ ನಿಧಿಯವರು ಮಾಡುವ ಅಪಾಯ ನಿರ್ವಹಣೆಯ ಬಹುಭಾಗ ಈ ವಿವೇಕವೇ. ಷೇರುಗಳ ನಿಧಿಯೊಂದು ಸಾಮಾನ್ಯವಾಗಿ ಒಂದೇ ಕಂಪನಿಯ ಷೇರಿನಲ್ಲಿ ತನ್ನ ಮೌಲ್ಯದ ಶೇಕಡ 10ಕ್ಕಿಂತ ಹೆಚ್ಚು ತೊಡಗಿಸಬಾರದೆಂಬ ಕಟ್ಟು ಇರುವುದು ಇದಕ್ಕಾಗಿಯೇ. ಇಷ್ಟು ಮಾಡಿದ ಮೇಲೂ ಮಳೆ ಕೈಕೊಡಬಹುದು. ಮಳೆ ಕೈಕೊಟ್ಟುದಕ್ಕೆ ತೋಟದವನನ್ನು ದೂಷಿಸುವುದಿಲ್ಲ; ಒಣಗಿದ ಮರವನ್ನು ಹಸಿರೆಂದು ಹೇಳಿದರೆ ದೂಷಿಸುತ್ತೇವೆ.

ಇಲ್ಲಿ ನಮ್ಮ ಆಚಾರ್ಯರ ವಿಭಾಗಕ್ರಮವನ್ನು ಗಮನಿಸಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ. ಅವುಗಳಲ್ಲಿ ಎರಡು ನೇರವಾಗಿ ನಮ್ಮ ಪ್ರಕೃತಕ್ಕೆ ಸೇರುತ್ತವೆ: ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಇನ್ನೊಂದು ನ್ಯಾಸಾಪಹಾರ, ಎಂದರೆ ನಂಬಿ ಇಟ್ಟ ಒಡವೆಯ ಅಪಹಾರ. ಒಡವೆಯ ಅಪಹಾರವು ಅಚೌರ್ಯವ್ರತದ ಕೆಳಗೆ ಬರಬೇಕಲ್ಲವೆ, ಸತ್ಯವ್ರತದ ಕೆಳಗೇಕೆ ಬಂದಿತು ಎಂದು ವಿದ್ಯಾರ್ಥಿಯಾಗಿದ್ದಾಗ ನನಗೆ ಸಂಶಯವಿತ್ತು. ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ಓದಿದಾಗ ಅದು ಪರಿಹಾರವಾಯಿತು. ಅವರ ವಿವರಣೆಯ ತಾತ್ಪರ್ಯ ಹೀಗಿದೆ. ಒಬ್ಬನು ಹೊನ್ನನ್ನು ಇನ್ನೊಬ್ಬನಲ್ಲಿ ಇಟ್ಟಿರುತ್ತಾನೆ. ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲಿ ಎಂದು ಒಪ್ಪಿಕೊಂಡು ಅಷ್ಟನ್ನೇ ಕೊಡುತ್ತಾನೆ. ಈತನು ಕೈಹಾಕಿ ಕದಿಯಲಿಲ್ಲ, ಸುಳ್ಳನ್ನು ತಾನಾಗಿ ಕಟ್ಟಿ ಹೇಳಲೂ ಇಲ್ಲ. ಎದುರಿನವನ ಅಜ್ಞಾನಕ್ಕೆ ಒಂದು ಹೂಂಗುಟ್ಟಿದನು. ಆ ಹೂಂಕಾರವೇ ಅತಿಚಾರ. ಯೂನಿಟ್‌ದಾರನ ಸ್ಥಿತಿಯೂ ಇದೇ ಅಲ್ಲವೆ? ತನ್ನದು ಎಷ್ಟಿದೆಯೆಂದು ಅವನಿಗೆ ತಿಳಿಯದು. ತಿಳಿದವನು ಎದುರಿಗಿದ್ದಾನೆ.

ಇನ್ನು ಯುವಕನ ಆಕ್ಷೇಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ಆಡಬಾರದೆಂದು ವಿಧಿಸಿರುವುದು ನಿಜ. ಜಿಂಕೆ ಯಾವ ಕಡೆ ಓಡಿತೆಂದು ಬೇಡನು ಕೇಳಿದರೆ ಹೇಳಬಾರದೆಂದು ನಾವು ಮಕ್ಕಳಿಗೆ ಉದಾಹರಿಸುತ್ತೇವೆ. ಆದರೆ ಜಿಂಕೆ ಬೇಡನ ಸ್ವತ್ತಲ್ಲ. ಕೇಳುವ ಅಧಿಕಾರ ಅವನಿಗಿಲ್ಲ. ಇಲ್ಲಿ ಕೇಳುವವನು ಒಡವೆಯ ಒಡೆಯನೇ. ಎರಡನೆಯದಾಗಿ, ಬೇಡನ ಪ್ರಸಂಗದಲ್ಲಿ ಮೌನವು ವಿಪತ್ತನ್ನು ತಪ್ಪಿಸುತ್ತದೆ. ನಿಧಿಯ ಪ್ರಸಂಗದಲ್ಲಿ ವಿಪತ್ತು ಆಗಲೇ ಒಳಗೆ ಬಂದು ಕುಳಿತಿದೆ. ಅದು ಯಾರ ತಲೆಯ ಮೇಲೆ ಬೀಳಬೇಕೆಂಬುದನ್ನು ಮಾತ್ರ ಮೌನವು ನಿರ್ಣಯಿಸುತ್ತದೆ.

ಈ ಮಾತನ್ನು ನಾನು ಗ್ರಂಥದಿಂದ ಕಲಿತುದಕ್ಕಿಂತ ನನ್ನ ತಪ್ಪಿನಿಂದ ಕಲಿತುದು ಹೆಚ್ಚು. ವೃತ್ತಿಯಲ್ಲಿದ್ದಾಗ ನಮ್ಮ ಶಾಲೆಯ ಸಿಬ್ಬಂದಿಯವರು ಒಂದು ಕೂಡುನಿಧಿ ಮಾಡಿಕೊಂಡಿದ್ದೆವು. ಸಾವಿರ ರೂಪಾಯಿಯ 80 ಪಾಲುಗಳು. ಲೆಕ್ಕ ಬರೆಯುವವನು ನಾನು. 20,000 ರೂಪಾಯಿಗಳನ್ನು ಹೆಚ್ಚು ಬಡ್ಡಿಯ ಆಸೆಗೆ ಒಂದು ಖಾಸಗಿ ಲೇವಾದೇವಿ ಸಂಸ್ಥೆಯಲ್ಲಿ ಇಟ್ಟೆವು. ಅದು ಬಾಗಿಲು ಹಾಕಿತು. ಹಣ ಬಂದೇ ಬರುತ್ತದೆಂದು ಯಾರೋ ಭರವಸೆ ಹೇಳಿದರು. ಮಾರ್ಚಿಯ ಪಟ್ಟಿಯಲ್ಲಿ ನಾನು 80,000 ಎಂದೇ ಬರೆದೆನು. ಗಾಬರಿ ಹುಟ್ಟಿಸಬಾರದೆಂಬುದೇ ನನ್ನ ಭಾವನೆಯಾಗಿತ್ತು. ಈಗಲೂ ಅದು ದುರ್ಭಾವನೆಯಾಗಿತ್ತೆಂದು ನನಗೆ ಅನಿಸುವುದಿಲ್ಲ. ಆ ಬೇಸಗೆಯಲ್ಲಿ ಇಬ್ಬರು ಹಿರಿಯ ಉಪಾಧ್ಯಾಯರು ನಿವೃತ್ತರಾಗಿ ತಮ್ಮ 16 ಪಾಲುಗಳಿಗೆ 16,000 ಪಡೆದು ಹೋದರು. ಆ ಸಂಸ್ಥೆಯಿಂದ ಒಂದು ಕಾಸೂ ಬರಲಿಲ್ಲ. ಉಳಿದ 64 ಪಾಲುಗಳಿಗೆ ಉಳಿದದ್ದು 44,000, ಎಂದರೆ ಪಾಲಿಗೆ 687 ರೂಪಾಯಿ 50 ಪೈಸೆ. ನಾನು ನಿಜ ಬರೆದಿದ್ದರೆ ಎಲ್ಲರಿಗೂ ಸಮನಾಗಿ 750 ಬರುತ್ತಿತ್ತು. ಪಾಲೊಂದಕ್ಕೆ 62 ರೂಪಾಯಿ 50 ಪೈಸೆಯನ್ನು ನನ್ನ ಲೇಖನಿಯು ಇದ್ದವರ ಜೇಬಿನಿಂದ ತೆಗೆದು ಹೋದವರ ಜೇಬಿಗೆ ಹಾಕಿತು. ಶಾಲೆಯ ಜವಾನನಿಗೆ 4 ಪಾಲುಗಳಿದ್ದುವು. ಅವನಿಂದ 250.

ಸಣ್ಣ ಶಾಲೆಯ ಈ ಕಥೆಯನ್ನು ದೇಶದ ಮಟ್ಟಕ್ಕೆ ಹಿಗ್ಗಿಸಿದರೆ ಭಾರತೀಯ ಯೂನಿಟ್ ಟ್ರಸ್ಟಿನ 'ಯುಎಸ್-64' ಯೋಜನೆಯ ಚರಿತ್ರೆ ಸಿಗುತ್ತದೆ. 1963ರ ಕಾಯಿದೆಯಿಂದ ಹುಟ್ಟಿದ ಆ ಟ್ರಸ್ಟ್ 1964ರಲ್ಲಿ ಈ ಯೋಜನೆಯನ್ನು ತೆರೆಯಿತು. ಉಪಾಧ್ಯಾಯರು, ಗುಮಾಸ್ತರು, ವಿಧವೆಯರು ಅದನ್ನು ಬ್ಯಾಂಕಿನ ಠೇವಣಿಯಂತೆ ನಂಬಿದರು. ಬರುಬರುತ್ತಾ ಅದರ ಹಣದ ಅರ್ಧಕ್ಕಿಂತ ಹೆಚ್ಚು ಭಾಗ ಷೇರುಗಳಿಗೆ ಹೋಯಿತು. ಅಪಾಯದ ಜಾತಿಯೇ ಬದಲಾಯಿತು. ಆದರೆ ಯೂನಿಟ್ಟಿನ ಬೆಲೆಯನ್ನು ಒಳಗಿನ ಆಸ್ತಿಯ ಮೌಲ್ಯ ನೋಡಿ ಕಟ್ಟುತ್ತಿರಲಿಲ್ಲ, ಟ್ರಸ್ಟೇ ಘೋಷಿಸುತ್ತಿತ್ತು. 1998ರ ಜೂನ್ 30ಕ್ಕೆ ಅದರ ಮೀಸಲು ಶೂನ್ಯಕ್ಕಿಂತ 1,098 ಕೋಟಿ ರೂಪಾಯಿ ಕೆಳಗಿತ್ತು. ಆ ವರ್ಷವೂ ಶೇಕಡ 20 ಲಾಭಾಂಶ ಹಂಚಲಾಯಿತು! ಬೆಲೆಯನ್ನು ಆಸ್ತಿಯ ಮೌಲ್ಯಕ್ಕೆ ಹೊಂದಿಸಬೇಕೆಂದು ತಜ್ಞರ ಸಮಿತಿ ಸಲಹೆ ಕೊಟ್ಟ ಮೇಲೂ ವಿಳಂಬವಾಯಿತು. 2001ರ ಮೇ ತಿಂಗಳಲ್ಲಿ ಯೂನಿಟ್ಟಿನ ಮರುಖರೀದಿ ಬೆಲೆ 14 ರೂಪಾಯಿಗೂ ಮೇಲಿತ್ತು. ಆ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ 4,000 ಕೋಟಿಗೂ ಮಿಕ್ಕ ಹಣ ಹಿಂದಕ್ಕೆ ಹೋಯಿತು. ಅದರಲ್ಲಿ ಬಹುಪಾಲು ದೊಡ್ಡ ಕಂಪನಿಗಳದು. ಜುಲೈ 2ರಂದು ಟ್ರಸ್ಟ್ ಕೊಡುಕೊಳ್ಳುವಿಕೆಯನ್ನು ಆರು ತಿಂಗಳ ಕಾಲ ನಿಲ್ಲಿಸಿತು. ಬಾಗಿಲು ಮುಚ್ಚಿದಾಗ ಒಳಗೆ ಉಳಿದವರು ಸಣ್ಣವರು, ಸುಮಾರು 2 ಕೋಟಿ ಜನ. 2002ರ ಜನವರಿಯಿಂದ ನಿಜವಾದ ಮೌಲ್ಯವನ್ನು ಪ್ರಕಟಿಸತೊಡಗಿದಾಗ ಅದು 6 ರೂಪಾಯಿಗೂ ಕೆಳಗಿತ್ತು.

ಸಣ್ಣ ಹಿಡುವಳಿದಾರರಿಗೆ ಕನಿಷ್ಠ ಬೆಲೆಯ ಭರವಸೆಯನ್ನು ಕೊನೆಗೆ ಸರಕಾರ ಹೊತ್ತಿತು. 2003ರಲ್ಲಿ ಟ್ರಸ್ಟನ್ನು ಎರಡು ಭಾಗ ಮಾಡಿ, ಯೂನಿಟ್ಟುಗಳಿಗೆ ಬದಲಾಗಿ ಶೇಕಡ 6.75 ಬಡ್ಡಿಯ ಬಾಂಡುಗಳನ್ನು ಕೊಡಲಾಯಿತು. ಭಾರ ಬಿದ್ದುದು ಬೊಕ್ಕಸದ ಮೇಲೆ, ಎಂದರೆ ಒಂದು ಯೂನಿಟ್ಟನ್ನೂ ಕೊಳ್ಳದ ರಾಗಿ ಬೆಳೆಗಾರನ ಮೇಲೂ.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಪ್ರಸಂಗ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆಯೇ ಬಂದಿತು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆಯು ಸುಮಾರು 25,000 ಕೋಟಿ ರೂಪಾಯಿಗಳ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿತು. ಮಹಾಮಾರಿಯ ದಿನಗಳು, ಸಾಲಪತ್ರಗಳಿಗೆ ಗಿರಾಕಿಯಿಲ್ಲ, ಹಣ ಕೇಳುವವರು ಬಹಳ. ಕೇಳಿದವರಿಗೆಲ್ಲ ಕೊಡುತ್ತಾ ಹೋದರೆ ಒಳ್ಳೆಯ ಪತ್ರಗಳನ್ನು ಮಾರಿ ಕೊಟ್ಟು, ಉಳಿದವರಿಗೆ ಸಾರವಿಲ್ಲದವುಗಳನ್ನು ಬಿಡಬೇಕಾಗುತ್ತದೆ. ಮುಚ್ಚುವುದರಲ್ಲಿ ಸಮತೆಯ ಒಂದು ಅಂಶವಿತ್ತು. ಆದರೆ ಒಡೆಯರನ್ನು ಕೇಳಿರಲಿಲ್ಲ. ಬೇರೆಬೇರೆ ಕಡೆ ಹೂಡಿದ ದಾವೆಗಳನ್ನು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ವರ್ಗಾಯಿಸಿತು. ಅಕ್ಟೋಬರ್ 24ರಂದು ಕರ್ನಾಟಕ ಉಚ್ಚ ನ್ಯಾಯಾಲಯವು, ಯೂನಿಟ್‌ದಾರರ ಬಹುಮತದ ಒಪ್ಪಿಗೆಯಿಲ್ಲದೆ ಈ ನಿರ್ಧಾರವನ್ನು ಜಾರಿ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಡಿಸೆಂಬರಿನಲ್ಲಿ ಮತದಾನವಾಯಿತು, ಜನರು ಮುಚ್ಚುವುದಕ್ಕೇ ಒಪ್ಪಿದರು. ಮುಂದಿನ ವರ್ಷಗಳಲ್ಲಿ ಆ ಪತ್ರಗಳನ್ನು ಮೆಲ್ಲಗೆ ಮಾರಿ, ಒಟ್ಟಾರೆ ಮುಚ್ಚಿದ ದಿನದ ಮೌಲ್ಯಕ್ಕಿಂತ ಹೆಚ್ಚನ್ನೇ ಹಂಚಲಾಯಿತು. ನಿಜ ತಿಳಿದರೆ ಜನ ಹುಚ್ಚರಂತೆ ಓಡುತ್ತಾರೆಂಬ ಯುವಕನ ಭಯಕ್ಕೆ ಇದರಲ್ಲಿ ಒಂದು ಉತ್ತರವಿದೆ. ಎಲ್ಲರಿಗೂ ಒಂದೇ ದಿನ ಒಂದೇ ಸುದ್ದಿ ತಿಳಿಸಿ, ಏನು ಮಾಡೋಣವೆಂದು ಕೇಳಿದರೆ ಜನರು ಕಾಯುವುದಕ್ಕೂ ಸಿದ್ಧರಿರುತ್ತಾರೆ.

ಈಗ ವರದಿಗಳಿಗೇನೂ ಬರವಿಲ್ಲ. ಮ್ಯೂಚುಯಲ್ ಫಂಡುಗಳು ಪ್ರತಿ ವ್ಯವಹಾರದ ದಿನ ನಿವ್ವಳ ಆಸ್ತಿ ಮೌಲ್ಯವನ್ನು ಪ್ರಕಟಿಸುತ್ತವೆ. ಅಪಾಯದ ಆರು ಮಟ್ಟಗಳನ್ನು ತೋರಿಸುವ ಮುಳ್ಳಿನ ಚಿತ್ರವು 2021ರಿಂದ ಪ್ರತಿ ಯೋಜನೆಗೂ ಇದೆ. ಹಾಗಾದರೆ ಸತ್ಯಕ್ಕೆ ಕೊರತೆಯೇ ಇಲ್ಲವೆ? ಭಗವತೀ ಆರಾಧನೆಯಲ್ಲಿ ಹೇಳಿರುವ ಆಲೋಚನೆಯ ಹತ್ತು ದೋಷಗಳನ್ನು ವ್ರತಿಕರು ನೆನಪಿಸಿಕೊಳ್ಳಬೇಕು. ಗುರುವಿನ ಮುಂದೆ ತಪ್ಪೊಪ್ಪಿಕೊಳ್ಳುವುದರಲ್ಲಿಯೂ ಎಷ್ಟು ಬಗೆಯ ಕಪಟವಿದೆ ನೋಡಿ! ಪರರು ಕಂಡುಬಿಟ್ಟ ತಪ್ಪನ್ನು ಮಾತ್ರ ಹೇಳುವುದು ದೃಷ್ಟದೋಷ. ಪತ್ರಿಕೆಯಲ್ಲಿ ಬಂದಮೇಲೆ ವರದಿಯಲ್ಲಿ ಒಪ್ಪಿಕೊಳ್ಳುವ ನಷ್ಟ ಆ ಜಾತಿಯದು. ಸಣ್ಣ ತಪ್ಪನ್ನು ವಿಸ್ತರಿಸಿ ಹೇಳಿ ದೊಡ್ಡದನ್ನು ಬಿಟ್ಟುಬಿಡುವುದು ಸೂಕ್ಷ್ಮದೋಷ. ಎಲ್ಲರೂ ಒಟ್ಟಿಗೆ ಪ್ರತಿಕ್ರಮಣ ಮಾಡುವ ಗದ್ದಲದಲ್ಲಿ ಗುರುವಿಗೆ ಕೇಳಿಸದಂತೆ ಹೇಳಿ ಮುಗಿಸುವುದು ಶಬ್ದಾಕುಲಿತ. ಇನ್ನೂರು ಪುಟದ ವಾರ್ಷಿಕ ವರದಿಯ ಕೊನೆಯಲ್ಲಿ, ಇರುವೆಯಂಥ ಅಕ್ಷರದ ಟಿಪ್ಪಣಿಯಲ್ಲಿ ಸಾಲದ ಸಂಗತಿ ಇಟ್ಟಿರುತ್ತಾರಲ್ಲ, ಅದಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ತಿಳಿಯದು. ಅಕ್ಷರಶಃ ಎಲ್ಲವನ್ನೂ ಹೇಳಿದೆ, ಯಾರಿಗೂ ತಿಳಿಸಿಲ್ಲ.

ಓದುವವನ ಹೊಣೆಯೂ ಇದೆ. ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್ ಎಂಬ ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್ 2019ರ ಏಪ್ರಿಲಿನಲ್ಲಿ ಷೇರುಪೇಟೆಗೆ ಬಂದಿತು. ಆ ಬಗೆಯದರಲ್ಲಿ ದೇಶಕ್ಕೇ ಮೊದಲನೆಯದು. ಕಚೇರಿ ಕಟ್ಟಡಗಳ ಬಾಡಿಗೆಯೇ ಅದರ ಜೀವಾಳ. ಇಂಥ ಟ್ರಸ್ಟುಗಳು ಹಂಚಲು ಯೋಗ್ಯವಾದ ನಗದಿನಲ್ಲಿ ಶೇಕಡ 90ಕ್ಕೆ ಕಡಿಮೆಯಿಲ್ಲದಂತೆ ಹಂಚಬೇಕು. ಸಾಲವು ಆಸ್ತಿಯ ಮೌಲ್ಯದ ಶೇಕಡ 49ನ್ನು ಮೀರಬಾರದು. ಆಸ್ತಿಗೆ ಹೊರಗಿನ ಮೌಲ್ಯಮಾಪಕನೇ ಬೆಲೆ ಕಟ್ಟಬೇಕು. ಈ ಬಗೆಯ ಟ್ರಸ್ಟಿನಿಂದ ಕೈಗೆ ಬರುವ ಹಣವೆಲ್ಲ ಆದಾಯವಲ್ಲ. ಬಡ್ಡಿ ಇಷ್ಟು, ಲಾಭಾಂಶ ಇಷ್ಟು, ಸಾಲದ ಅಸಲಿನ ಮರುಪಾವತಿ ಇಷ್ಟು ಎಂದು ವರದಿಯಲ್ಲಿ ಬಿಡಿಸಿ ಬರೆದಿರುತ್ತಾರೆ. ಆ ಮೂರನೆಯದನ್ನೂ ಗಳಿಕೆಯೆಂದು ಎಣಿಸಿ ಖರ್ಚು ಮಾಡುವವನು ತನ್ನ ಅಸಲಿನ ಒಂದು ಭಾಗವನ್ನು ಉಣ್ಣುತ್ತಿದ್ದಾನೆ. ಅವನನ್ನು ಬೇರೆ ಯಾರೂ ಮೋಸ ಮಾಡಲಿಲ್ಲ. ಕಟ್ಟಡದಲ್ಲಿ ಖಾಲಿ ಬಿದ್ದಿರುವ ಜಾಗವೆಷ್ಟು, ಗುತ್ತಿಗೆಗಳು ಯಾವಾಗ ಮುಗಿಯುತ್ತವೆ ಎಂಬ ಎರಡನ್ನು ಓದದೆ ಹಂಚಿಕೆಯ ಅಂಕಿಯನ್ನು ಮಾತ್ರ ಓದುವುದು ಬೆಳೆ ನೋಡದೆ ಕಣಜ ನೋಡಿದಂತೆ. ಯುಎಸ್-64ರಲ್ಲಿಯೂ ವರ್ಷವರ್ಷ ಹೆಚ್ಚು ಲಾಭಾಂಶ ಬೇಕೆಂಬ ನಮ್ಮ ಹಟಕ್ಕೆ ಪಾಲಿಲ್ಲದಿರಲಿಲ್ಲ. ಸಮಂತಭದ್ರರು ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಅತಿಲೋಭವನ್ನು ಹೇಳಿ, ಅದಕ್ಕಿಂತ ಮೊದಲೇ ಅತಿವಿಸ್ಮಯವನ್ನು ಎಣಿಸಿದ್ದಾರೆ. ನೆರೆಯವನಿಗೆ ಹೆಚ್ಚು ಬಂದುದನ್ನು ಕಂಡು ಬೆರಗಾಗಿ ಕೊರಗುವ ಗುಣವೆಂದು ನಾನು ಅದನ್ನು ಅರ್ಥಮಾಡುತ್ತೇನೆ.

ಜವಾನನ ವಿಷಯ ಪೂರ್ತಿ ಹೇಳಲಿಲ್ಲ. ನಾನು ನಿವೃತ್ತನಾದ ವರ್ಷ 250 ರೂಪಾಯಿಗಳನ್ನು ಲಕೋಟೆಯಲ್ಲಿಟ್ಟು ಅವನ ಮನೆಗೆ ಹೋದೆನು. ಮನೆಯಲ್ಲಿ ಮಗಳ ಮದುವೆಯ ಸಿದ್ಧತೆ ನಡೆದಿತ್ತು. ಅವನು ಎರಡು ಕೈಯಲ್ಲಿ ತೆಗೆದುಕೊಂಡು, "ಮುಯ್ಯಿ ಅಂತ ತಂದ್ರಾ ಮೇಷ್ಟ್ರೇ? ನಿಮ್ಮ ದೊಡ್ಡ ಮನಸ್ಸು" ಎಂದನು. ನಾನು ಹೂಂ ಎಂದೆನು. ಕಾಫಿ ಕುಡಿದು ಬಂದೆನು.

ಮಂದರಗಿರಿಯ ತಪ್ಪಲಲ್ಲಿ ಬಸ್ಸಿಗೆ ಕಾಯುತ್ತಾ ಯುವಕನಿಗೆ ಇದನ್ನು ಹೇಳಿದಾಗ, "ಆಮೇಲಾದರೂ ಅವರಿಗೆ ಹೇಳಿದಿರಾ?" ಎಂದು ಕೇಳಿದನು. ಇನ್ನೂ ಇಲ್ಲ ಎಂದೆನು. ಅವನು ಏನೂ ಅನ್ನಲಿಲ್ಲ. ಅಂದಿನಿಂದ ಎರಡು ಚತುರ್ದಶಿಗಳ ಉಪವಾಸ ಆಗಿದೆ. ಮೂರನೆಯದಕ್ಕೆ ಮುಂಚೆ, ಆ ಹಳೆಯ ಮಾರ್ಚಿಯ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ ಬರುವುದೆಂದು ನಿಶ್ಚಯಿಸಿದ್ದೇನೆ. ಪಟ್ಟಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.