ಪುಟದ ಕೆಳಗಿಳಿದ ಮೊರೆ

ಪುಟದಲ್ಲಿ ಮೇಲಿರುವುದು ಮುಖ್ಯ, ಕೆಳಗಿರುವುದು ಗೌಣ. ದೊಡ್ಡಕ್ಷರ ಮೊದಲು ಕಣ್ಣಿಗೆ ಬೀಳುತ್ತದೆ, ಸಣ್ಣಕ್ಷರ ಕಾಯುತ್ತದೆ. ಪತ್ರಿಕೆಯ ಪುಟ ಕಟ್ಟುವವರೆಲ್ಲ ಬಲ್ಲ ಪಾಠವಿದು. ಪುಟದಲ್ಲಿರುವುದು ಪವಿತ್ರ ಗ್ರಂಥವಾದರೆ?

ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆ 1919ರಲ್ಲಿ ಮಹಾಭಾರತದ ಸಂಶೋಧಿತ ಆವೃತ್ತಿಗೆ ಕೈಹಾಕಿತು, ಮುಗಿದದ್ದು 1966ರಲ್ಲಿ. ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಹಳೆಯವೆಂದು ನಿರ್ಧರಿಸಿದ ಶ್ಲೋಕಗಳು ಮೇಲೆ, ದೊಡ್ಡ ನಾಗರಿ ಅಕ್ಷರದಲ್ಲಿವೆ. ಪಾಠಾಂತರಗಳು ಕೆಳಗೆ, ಸಣ್ಣಕ್ಷರದಲ್ಲಿ. ಪ್ರಕ್ಷಿಪ್ತವೆನಿಸಿದ ಸಾಲುಗಳಿಗೆ ನಕ್ಷತ್ರದ ಗುರುತು. ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡನೆಂಬ ಕಥೆಯೂ ಅನುಬಂಧ ಸೇರಿತು.

ಪ್ರಧಾನ ಸಂಪಾದಕ ವಿ. ಎಸ್. ಸುಕ್ಥಣಕರ್ ಬಳಸಿದ ಒಂದು ಗುರುತಂತೂ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ: ಪದ ಖಚಿತವಲ್ಲದಿದ್ದರೆ ಅದರಡಿ ಅಲೆಯಂಥ ಗೆರೆ. ಪವಿತ್ರ ಗ್ರಂಥದ ಪುಟದಲ್ಲೇ ಸಂಶಯಕ್ಕೊಂದು ಜಾಗ! ಇದು ಅಶ್ರದ್ಧೆಯಲ್ಲ, ಶ್ರದ್ಧೆಯ ಅತ್ಯಂತ ಪ್ರಾಮಾಣಿಕ ರೂಪ.

ಆದರೂ ನೋಯಿಸುವ ಪುಟವೊಂದಿದೆ. ಇದೇ ಆವೃತ್ತಿಗೆ ಫ್ರಾಂಕ್ಲಿನ್ ಎಡ್ಗರ್ಟನ್ ಸಂಪಾದಿಸಿದ ಸಭಾಪರ್ವದಲ್ಲಿ, ವಸ್ತ್ರಾಪಹರಣದ ವೇಳೆ ದ್ರೌಪದಿ ಕೃಷ್ಣನಿಗಿಟ್ಟ ಮೊರೆ ಮೇಲಿನ ಪಾಠದಲ್ಲಿಲ್ಲ. ಸೀರೆ ಬೆಳೆಯುತ್ತಲೇ ಹೋಗುತ್ತದೆ, ಕೊಟ್ಟವರ ಹೆಸರಿಲ್ಲ. ಮೊರೆ ಪುಟದ ಬುಡಕ್ಕಿಳಿದಿದೆ. ಕುಮಾರವ್ಯಾಸನನ್ನು ಕೇಳುತ್ತ ಬೆಳೆದ ಕನ್ನಡಿಗರಿಗೆ ಆ ಮೊರೆಯೇ ಪ್ರಸಂಗದ ಜೀವ.

ಹಳೆಯದೇ ಸತ್ಯವೋ, ಜನ ನೂರಾರು ವರ್ಷ ನಂಬಿ ಹಾಡಿದ್ದೂ ಸತ್ಯವೋ? ಸಂಪಾದಕರು ಆ ಸಾಲುಗಳನ್ನು ಅಳಿಸಲಿಲ್ಲ. ಯಾವ ಪ್ರತಿಗಳಲ್ಲಿವೆ ಎಂಬ ವಿವರದೊಂದಿಗೆ, ಸಣ್ಣಕ್ಷರದಲ್ಲಿ, ಅದೇ ಸಂಪುಟದೊಳಗೆ ಅವು ಇಂದಿಗೂ ಇವೆ.